ನೋವಿನ ಮಾತ್ರೆ ಮತ್ತು ಕೈಮೇಲಿನ ಕಪ್ಪು ಕಲೆ

ಶೇಂಗಾ ಕೀಳುವ ಕಾಲಕ್ಕೆ ನಮ್ಮಂಥ ಮಳೆಯಾಶ್ರಿತ ರೈತರಿಗೆ ಸೊಂಟನೋವು ತಪ್ಪಿದ್ದಲ್ಲ. ಸಂಜೆ ಊರ ಅಂಗಡಿಯಲ್ಲಿ ಒಂದು ಮಾತ್ರೆ ತಗೊಂಡು ನುಂಗಿ ಮಲಗಿದರೆ ಬೆಳಿಗ್ಗೆ ಮತ್ತೆ ಹೊಲ. ನಾನೂ ವರ್ಷಗಟ್ಟಲೆ ಹೀಗೇ ಮಾಡಿದವನು.

2021ರಲ್ಲಿ ಹೀಗೆ ಮಾತ್ರೆ ನುಂಗಿದ ರಾತ್ರಿ ಎಡಗೈಯ ಹಿಂಭಾಗ ಉರಿಯತೊಡಗಿತು. ಬೆಳಿಗ್ಗೆ ನೋಡಿದರೆ ರೂಪಾಯಿ ಅಗಲದ ಕೆಂಪು ಮಚ್ಚೆ. ಬದುವಿನ ಪಾರ್ಥೇನಿಯಂ ಕಿತ್ತಿದ್ದೆ, ಅದರ ನಂಜೇ ಇರಬೇಕು ಅಂದುಕೊಂಡು ಕೊಬ್ಬರಿ ಎಣ್ಣೆ ಸವರಿದೆ. ಉರಿ ಹೋಯಿತು, ಕಪ್ಪು ಕಲೆ ಉಳಿಯಿತು. ಮರುವರ್ಷ ಬೇರೆ ಕಂಪನಿಯ ಮಾತ್ರೆ ತಗೊಂಡೆ. ಅದೇ ಜಾಗ ಮತ್ತೆ ಕೆಂಪಾಯಿತು, ತುಟಿಯ ಮೇಲೂ ಗುಳ್ಳೆ ಎದ್ದಿತು. ಆ ಸಲ ಪಾರ್ಥೇನಿಯಂ ಮುಟ್ಟಿರಲೇ ಇಲ್ಲ!

ತಾಲ್ಲೂಕು ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಕೈ ನೋಡಿದವರೇ "ನೋವಿನ ಮಾತ್ರೆ ಏನಾದ್ರೂ ತಗೊಂಡಿದ್ರಾ?" ಅಂದರು. ವಿಚಾರಿಸಿದಾಗ ಎರಡೂ ಮಾತ್ರೆಯಲ್ಲಿ ಇದ್ದದ್ದು ಐಬುಪ್ರೊಫೆನ್. ಎರಡನೆಯದರಲ್ಲಿ ಪ್ಯಾರಾಸಿಟಮಾಲ್ ಕೂಡ ಇತ್ತು. ಆದರೆ ಜ್ವರಕ್ಕೆ ಬರೀ ಪ್ಯಾರಾಸಿಟಮಾಲ್ ನುಂಗಿದಾಗ ನನಗೆ ಏನೂ ಆಗಿರಲಿಲ್ಲ.

ಹೀಗೆ ಅದೇ ಜಾಗದಲ್ಲಿ ಮರಳಿ ಬರುವ ಕಲೆಗೆ 'ಫಿಕ್ಸೆಡ್ ಡ್ರಗ್ ಇರಪ್ಷನ್' ಅನ್ನುತ್ತಾರೆ. ಆ ಜಾಗದ ಚರ್ಮದಲ್ಲಿ ರೋಗನಿರೋಧಕ ಕಣಗಳು ಕಾವಲಿಗೆ ಕೂತಿರುತ್ತವೆ. ಅದೇ ಔಷಧ ಮತ್ತೆ ಬಂದರೆ ಅಲ್ಲೇ ಕೆರಳುತ್ತವೆ. ಔಷಧ ಮುಂದುವರಿಸಿದರೆ ಕಲೆಗಳ ಸಂಖ್ಯೆ ಹೆಚ್ಚಬಹುದು.

ಇನ್ನು ಕೆಲವರಿಗೆ ಮಾತ್ರೆ ನುಂಗಿದ ಸ್ವಲ್ಪ ಹೊತ್ತಿನಲ್ಲೇ ಮೈತುಂಬ ಪಿತ್ತದ ಗಂಧೆ ಏಳುತ್ತದೆ, ಕಣ್ಣು ತುಟಿ ಊದುತ್ತವೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೂರೂ ಮೈಯೊಳಗೆ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಕೆಲಸ ಮಾಡುವಂಥವು. ಒಂದಕ್ಕೆ ಗಂಧೆ ಎದ್ದವರಿಗೆ ಇನ್ನೊಂದಕ್ಕೂ ಏಳಬಹುದು. ಸೂಜಿ ಚುಚ್ಚಿಸಿಕೊಳ್ಳುವಾಗಲೂ ಇದನ್ನು ಮೊದಲೇ ಹೇಳಬೇಕು.

ಉಸಿರು ಕಟ್ಟಿದರೆ, ನಾಲಿಗೆ ಊದಿದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಜ್ವರದ ಜೊತೆ ಬಾಯಿ, ಕಣ್ಣು ಹುಣ್ಣಾಗಿ ಚರ್ಮ ಸುಲಿದರೂ ಅಷ್ಟೇ. ಇದು ಮಾತ್ರೆ ಶುರುಮಾಡಿ ವಾರಗಳಾದ ಮೇಲೂ ಬರಬಹುದು. ಮುಟ್ಟಿನ ಹೊಟ್ಟೆನೋವಿಗೆ ನುಂಗುವ ಮೆಫೆನಾಮಿಕ್ ಆಸಿಡ್‌ನಿಂದ ಜ್ವರ, ದದ್ದಿನೊಂದಿಗೆ ಒಳಗಿನ ಅಂಗಗಳಿಗೂ ತೊಂದರೆಯಾಗಬಹುದೆಂದು ಇಂಡಿಯನ್ ಫಾರ್ಮಾಕೋಪಿಯಾ ಕಮಿಷನ್ 2023ರ ನವೆಂಬರಿನಲ್ಲಿ ಎಚ್ಚರಿಸಿತ್ತು. ಇವೆಲ್ಲ ಅಪರೂಪ. ಆದರೆ ಬಂದರೆ ಜೀವಕ್ಕೇ ಸಂಚಕಾರ.

ನಾನು ಕಲಿತದ್ದು ಇಷ್ಟು. ಕ್ರಿಮಿನಾಶಕದ ಡಬ್ಬಿ ನೆನೆಸಿಕೊಳ್ಳಿ. ಹೊರಗೆ ಹತ್ತು ಹೆಸರು, ಒಳಗಿನ ವಿಷ ಒಂದೇ. ಮಾತ್ರೆಯೂ ಹಾಗೆಯೇ. ಕಂಪನಿ ಇಟ್ಟ ದೊಡ್ಡಕ್ಷರದ ಹೆಸರಲ್ಲ, ಸಣ್ಣಕ್ಷರದಲ್ಲಿರುವ ಔಷಧದ ಹೆಸರು ಓದಬೇಕು. ಅಂಗಡಿಯವರು ಶೀಟು ಕತ್ತರಿಸಿ ಒಂದು ಮಾತ್ರೆ ಕೊಟ್ಟರೆ ಆ ಹೆಸರೇ ಹೋಗಿರುತ್ತದೆ. ಹೆಸರಿಲ್ಲದ ಚೂರು ಬೇಡ ಅನ್ನಿ.

ನನಗಾಗದ ಔಷಧದ ಹೆಸರನ್ನು ಮಗಳ ಕೈಲಿ ದಪ್ಪಕ್ಷರದಲ್ಲಿ ಬರೆಸಿ ಬ್ಯಾಂಕ್ ಪಾಸ್‌ಬುಕ್ಕಿನೊಳಗೆ ಇಟ್ಟಿದ್ದೇನೆ. ಒಂದು ಚೀಟಿ ಹೆಂಡತಿಯ ಹತ್ತಿರವೂ ಇದೆ. ನಾನು ಮಾತಾಡಲಾಗದ ಸ್ಥಿತಿಯಲ್ಲಿದ್ದರೆ ಹೇಳುವವರು ಬೇಕಲ್ಲ? ಔಷಧದಿಂದ ತೊಂದರೆಯಾದರೆ ತಿಳಿಸಲು 1800-180-3024 ಎಂಬ ಉಚಿತ ದೂರವಾಣಿ ಇದೆ.

ನಿಮ್ಮ ಮೈಮೇಲೂ ಹೋಗಿ ಹೋಗಿ ಮರಳುವ ಕಲೆ ಇದ್ದರೆ, ಕಳೆಗಿಡವನ್ನು ಬೈಯುವ ಮುಂಚೆ ಹಿಂದಿನ ದಿನ ಯಾವ ಮಾತ್ರೆ ನುಂಗಿದ್ದಿರಿ ಅಂತ ಒಮ್ಮೆ ಜ್ಞಾಪಿಸಿಕೊಳ್ಳಿ.