ಅರವತ್ತನಾಲ್ಕು ಮನೆ, ಅರ್ಧ ಗಂಟೆ

ಆಷಾಢದ ಮಳೆ ಹಿಡಿದುಕೊಂಡಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಹಗಲಿಗೂ ಇರುಳಿಗೂ ಹೆಚ್ಚಿನ ಅಂತರವೇ ಉಳಿಯುವುದಿಲ್ಲ. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆ ತೀರ್ಥಹಳ್ಳಿ ತಾಲ್ಲೂಕಿಗೇ ಸೇರಿದ ಊರು. ಹಳ್ಳ ತುಂಬಿ, ಶಾಲೆಗೆ ರಜೆಯಾಗಿ, ವಿದ್ಯುದ್ದೀಪವೂ ಕೈಕೊಟ್ಟ ಅಂಥ ದಿನಗಳಲ್ಲಿ ಹಿಂದಿನವರು ಅಟ್ಟದಿಂದ ಚೆನ್ನೆಮಣೆಯನ್ನು ಇಳಿಸುತ್ತಿದ್ದರು. ಪಗಡೆಯ ಹಾಸನ್ನು ಬಿಡಿಸುತ್ತಿದ್ದರು. ಜಗಲಿಯ ನೆಲದ ಮೇಲೆ ಹುಲಿ-ಕುರಿ ಆಟದ ಗೆರೆಗಳನ್ನು ಬರೆಯುತ್ತಿದ್ದರು. ಇಂದು ಆ ಜಗಲಿಯ ಮೇಲೆ ಅನೇಕ ಕಡೆ ಚದುರಂಗದ ಹಲಗೆ ಬಂದು ಕುಳಿತಿದೆ. ೨೦೨೪ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಹದಿನೆಂಟು ವರ್ಷದ ಗುಕೇಶ್ ವಿಶ್ವವಿಜೇತನಾದ ಮೇಲಂತೂ, ಆಟವನ್ನರಿಯದ ತಾಯಿತಂದೆಗಳೂ ಮಗುವಿಗೊಂದು ಹಲಗೆ ತಂದುಕೊಡಬೇಕೆಂದು ಬಯಸತೊಡಗಿದ್ದಾರೆ.

ಬಯಕೆಯಲ್ಲಿ ತಪ್ಪೇನಿಲ್ಲ. ಕರ್ನಾಟಕಕ್ಕೆ ಮೊದಲ ಗ್ರಾಂಡ್‌ಮಾಸ್ಟರ್ ಪದವಿಯನ್ನು ತಂದವರು ಮೈಸೂರಿನ ಎಂ. ಎಸ್. ತೇಜಕುಮಾರ್, ೨೦೧೭ರಲ್ಲಿ. ಆ ಬಳಿಕ ಶಿವಮೊಗ್ಗದ ಜಿ. ಎ. ಸ್ಟ್ಯಾನಿಯವರಿಗೂ ಆ ಪದವಿ ಸಂದಿತು. ನಮ್ಮ ಜಿಲ್ಲೆಯವರೇ ಏರಿದ ಮೆಟ್ಟಿಲನ್ನು ನಮ್ಮ ಮಕ್ಕಳೇಕೆ ಏರಬಾರದು ಎಂದು ಮಲೆನಾಡಿನ ಮನೆಗಳವರು ಕೇಳಿದರೆ ಅದು ಸಹಜವೇ. ಆದರೆ ಶಿವಮೊಗ್ಗ ಇಲ್ಲಿಗೆ ಅರವತ್ತು ಎಪ್ಪತ್ತು ಕಿಲೋಮೀಟರ್ ದೂರ. ಮಳೆಯಲ್ಲಿ, ತಿರುವುಗಳ ದಾರಿಯಲ್ಲಿ, ವಾರಕ್ಕೆರಡು ಬಾರಿ ಮಗುವನ್ನು ಗುರುವಿನ ಬಳಿಗೆ ಕರೆದೊಯ್ಯುವುದು ಎಲ್ಲರಿಗೂ ಸಾಧ್ಯವಾಗುವ ಮಾತಲ್ಲ. ಹೀಗಾಗಿ ಗುರುವಿನ ಸ್ಥಾನವನ್ನು ಮೊಬೈಲ್ ಫೋನು ಆಕ್ರಮಿಸಿದೆ. ಅದರೊಳಗೆ ಲಕ್ಷಗಟ್ಟಲೆ ಚದುರಂಗದ ಸಮಸ್ಯೆಗಳಿವೆ. ಬಿಡಿಸಿದರೆ ಅಂಕ ಏರುತ್ತದೆ, ತಪ್ಪಿದರೆ ಇಳಿಯುತ್ತದೆ, ಮುಗಿಯುವುದೆಂಬುದಂತೂ ಇಲ್ಲವೇ ಇಲ್ಲ.

ಇದರ ಪರಿಣಾಮವನ್ನು ಅನೇಕ ಮನೆಗಳಲ್ಲಿ ಕಾಣಬಹುದು. ಹನ್ನೆರಡರ ಹುಡುಗ ದಿನಕ್ಕೆ ನೂರು ಸಮಸ್ಯೆಗಳನ್ನು ಬಿಡಿಸುವೆನೆಂದು ಹಟ ತೊಡುತ್ತಾನೆ. ಮೊದಲ ತಿಂಗಳು ಅಂಕ ಏರುತ್ತದೆ, ಮನೆಯವರಿಗೆ ಹಿಗ್ಗು. ಎರಡನೆಯ ತಿಂಗಳು ಅಂಕ ಅಲ್ಲಿಯೇ ನಿಲ್ಲುತ್ತದೆ. ಹುಡುಗ ನಿದ್ದೆಗೆಟ್ಟು ಇನ್ನಷ್ಟು ಬಿಡಿಸುತ್ತಾನೆ; ಅಂಕ ಇಳಿಯುತ್ತದೆ. ಮೂರನೆಯ ತಿಂಗಳಿಗೆ, ಊರಿನ ಪಂದ್ಯದಲ್ಲಿ ತನಗಿಂತ ಕಿರಿಯನ ಎದುರು ಕಣ್ಣೆದುರಿನ ನಡೆಯನ್ನೇ ಕಾಣದೆ ಸೋತು ಬಂದು, ಹಲಗೆಯನ್ನು ಮಡಿಸಿ ಅಟ್ಟಕ್ಕೆ ಎಸೆಯುತ್ತಾನೆ. 'ಅವನಿಗೆ ಆಸಕ್ತಿ ಹೋಯಿತು' ಎಂದು ಹಿರಿಯರು ಸುಮ್ಮನಾಗುತ್ತಾರೆ. ಹೋದದ್ದು ಆಸಕ್ತಿಯಲ್ಲ, ಬಸವಳಿದ ಬುದ್ಧಿ ವಿಶ್ರಾಂತಿಯನ್ನು ಬೇಡಿತು, ಅಷ್ಟೆ. ಬುದ್ಧಿವಂತ ಮಗುವೊಂದು ಒಳ್ಳೆಯ ವಿದ್ಯೆಯಿಂದ ಹೀಗೆ ದೂರವಾಗುವುದು ಸಣ್ಣ ನಷ್ಟವಲ್ಲ.

ಇಷ್ಟಕ್ಕೂ ಈ ಅಭ್ಯಾಸದಿಂದ ಪಡೆಯಬೇಕಾದುದೇನು? ಚದುರಂಗದಲ್ಲಿ ದೂರದೃಷ್ಟಿಯ ಹಂಚಿಕೆ ಬೇರೆ, ಎರಡು ಮೂರು ನಡೆಗಳಲ್ಲಿ ಎದುರಾಳಿಯ ಕಾಯಿಯನ್ನೋ ರಾಜನನ್ನೋ ಸೆರೆಹಿಡಿಯುವ ತಂತ್ರ ಬೇರೆ. ತಂತ್ರವೆಂದರೆ ಏನೆಂಬುದಕ್ಕೆ ಒಂದು ಹಳೆಯ ನಿದರ್ಶನ ಸಾಕು. ರಾಜ ಮೂಲೆಯ ಮನೆಯಲ್ಲಿ ಅವಿತಿದ್ದಾನೆ. ಅವನ ಮುಂದೆ ತನ್ನವೇ ಪದಾತಿಗಳ ಗೋಡೆ. ಎದುರಾಳಿ ತನ್ನ ಮಂತ್ರಿಯನ್ನೇ—ಇಂದಿನ ಮಕ್ಕಳು ರಾಣಿ ಎನ್ನುವ ಕಾಯಿಯನ್ನು—ರಾಜನ ಪಕ್ಕದ ಮನೆಗೆ ತಂದು ಚೆಕ್ ಕೊಡುತ್ತಾನೆ. ಆ ಮನೆಗೆ ಕುದುರೆಯ ಕಾವಲಿರುವುದರಿಂದ ರಾಜ ಮಂತ್ರಿಯನ್ನು ಹೊಡೆಯುವಂತಿಲ್ಲ; ಬಳಿಯ ಆನೆಯೇ ಹೊಡೆಯಬೇಕು. ಆನೆ ಅಲ್ಲಿಗೆ ಬಂದೊಡನೆ ರಾಜನಿಗೆ ಉಳಿದಿದ್ದ ಒಂದೇ ದಾರಿಯೂ ಮುಚ್ಚಿಹೋಯಿತು. ಕುದುರೆ ಹಾರಿ ಮತ್ತೆ ಚೆಕ್ ಕೊಡುತ್ತದೆ; ತನ್ನ ಪರಿವಾರದ ನಡುವೆಯೇ ಉಸಿರುಕಟ್ಟಿ ರಾಜ ಸೋಲುತ್ತಾನೆ. ೧೪೯೭ರಲ್ಲಿ ಸ್ಪೇನಿನಲ್ಲಿ ಅಚ್ಚಾದ ಲುಸೇನನ ಗ್ರಂಥದಲ್ಲಿಯೇ ಈ ತಂತ್ರವಿದೆ. ಮೊದಲ ಬಾರಿಗೆ ನೋಡುವವನಿಗೆ ಮಂತ್ರಿಯನ್ನು ಬಲಿಕೊಡುವುದು ಹುಚ್ಚಾಗಿ ತೋರುತ್ತದೆ. ನಾಲ್ಕಾರು ಬಾರಿ ಮನಸ್ಸಿಟ್ಟು ನೋಡಿದವನಿಗೆ ಮೂಲೆಯ ರಾಜನನ್ನೂ ಸಮೀಪದ ಕುದುರೆಯನ್ನೂ ಕಂಡೊಡನೆ ಇಡೀ ಪ್ರಸಂಗ ತಾನಾಗಿ ಹೊಳೆಯುತ್ತದೆ.

ಈ ಹೊಳೆಯುವಿಕೆಯೇ ವಿದ್ಯೆಯ ತಿರುಳು. ಹಾಲೆಂಡಿನ ಮನಶ್ಶಾಸ್ತ್ರಜ್ಞ ಆಡ್ರಿಯಾನ್ ಡಿ ಗ್ರೂಟ್ ೧೯೪೬ರಲ್ಲಿ ಪ್ರಕಟಿಸಿದ ಪ್ರಬಂಧಕ್ಕಾಗಿ ಪ್ರಸಿದ್ಧ ಆಟಗಾರರನ್ನೂ ಸಾಮಾನ್ಯರನ್ನೂ ಪರೀಕ್ಷಿಸಿದನು. ಶ್ರೇಷ್ಠ ಆಟಗಾರ ಇತರರಿಗಿಂತ ಬಹಳ ಮುಂದಿನ ನಡೆಗಳನ್ನು ಎಣಿಸುತ್ತಾನೆಂಬ ಜನಪ್ರಿಯ ನಂಬಿಕೆ ಅಲ್ಲಿ ನಿಲ್ಲಲಿಲ್ಲ. ಅವನ ಹಿರಿಮೆಯಿದ್ದುದು ಮೊದಲ ನೋಟದಲ್ಲಿಯೇ ಸರಿಯಾದ ಕಡೆಗೆ ಕಣ್ಣು ಹಾಯಿಸುವುದರಲ್ಲಿ. ೧೯೭೩ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಮತ್ತೊಂದು ಸ್ವಾರಸ್ಯವನ್ನು ತೋರಿಸಿದರು. ನಿಜವಾದ ಆಟದ ಒಂದು ಸ್ಥಿತಿಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರೆ, ಕುಶಲನು ಬಹುಪಾಲು ಕಾಯಿಗಳನ್ನು ನೆನಪಿನಿಂದಲೇ ಜೋಡಿಸುತ್ತಾನೆ. ಅವೇ ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದರೆ ಅವನೂ ಹೆಚ್ಚು ಕಡಿಮೆ ಸಾಮಾನ್ಯನಂತೆಯೇ ತಡವರಿಸುತ್ತಾನೆ. ಎಂದಮೇಲೆ ಅವನ ಬಳಿ ಇರುವುದು ಅದ್ಭುತ ಸ್ಮರಣೆಯಲ್ಲ, ಪರಿಚಿತ ಆಕೃತಿಗಳ ಭಂಡಾರ. ಭಾಷೆ ಬಲ್ಲವನು ಅಕ್ಷರಗಳನ್ನು ಕೂಡಿಸಿ ಓದದೆ ಪದವನ್ನೇ ಗ್ರಹಿಸುವಂತೆ ಅವನು ಹಲಗೆಯನ್ನು ಓದುತ್ತಾನೆ.

ಹಾಗಿದ್ದರೆ ಹೆಚ್ಚು ಸಮಸ್ಯೆಗಳನ್ನು ಬಿಡಿಸಿದಷ್ಟೂ ಭಂಡಾರ ಬೆಳೆಯಬೇಕಲ್ಲವೆ? ಇಲ್ಲಿಯೇ ಅನೇಕರು ಎಡವುವುದು. ಜರ್ಮನಿಯ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಮಾಲೆಗಳನ್ನು ತಾನೇ ಬಾಯಿಪಾಠ ಮಾಡಿ, ನೆನಪು-ಮರೆವುಗಳನ್ನು ಅಳೆದು, ೧೮೮೫ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಒಂದೇ ದಿನ ಎಡೆಬಿಡದೆ ೬೮ ಬಾರಿ ಹೇಳಿಕೊಂಡರೆ ಮರುದಿನಕ್ಕೆ ದೊರೆಯುವ ಫಲ, ಮೂರು ದಿನಗಳಿಗೆ ಹಂಚಿ ೩೮ ಬಾರಿ ಹೇಳಿಕೊಂಡರೂ ದೊರೆಯುತ್ತದೆಂದು ಅವನು ಕಂಡುಕೊಂಡನು. ಮಗ್ಗಿಯನ್ನು ಒಂದೇ ರಾತ್ರಿ ಉರುಹೊಡೆಸದೆ ದಿನವೂ ಸಂಜೆ ದೀಪ ಹಚ್ಚಿದ ಮೇಲೆ ಹೇಳಿಸುತ್ತಿದ್ದ ನಮ್ಮ ಅಜ್ಜಂದಿರು ಎಬಿಂಗ್‌ಹೌಸನನ್ನು ಓದಿದವರೇನೂ ಅಲ್ಲ.

ಚದುರಂಗದ ಲೋಕದಲ್ಲಿಯೇ ಈ ವಿಷಯದಲ್ಲಿ ಎರಡು ಕುತೂಹಲಕರ ಪ್ರಸಂಗಗಳಿವೆ. ಅಮೆರಿಕದ ಮೈಕೇಲ್ ಡಿ ಲಾ ಮಾಜಾ ಎಂಬಾತ ವಯಸ್ಕನಾದ ಮೇಲೆ ಪಂದ್ಯಗಳಿಗಿಳಿದವನು. ಸುಮಾರು ಒಂದು ಸಾವಿರ ಸಮಸ್ಯೆಗಳನ್ನು ಆರಿಸಿಕೊಂಡು ಏಳು ಸುತ್ತು ಬಿಡಿಸುವ ಕ್ರಮವನ್ನು ಅವನು ರೂಪಿಸಿದನು. ಮೊದಲ ಸುತ್ತಿಗೆ ೬೪ ದಿನ, ಎರಡನೆಯದಕ್ಕೆ ೩೨, ಹೀಗೆ ಅರ್ಧರ್ಧ ಇಳಿಸುತ್ತ ಹೋಗಿ ಕೊನೆಯ ಸುತ್ತಿನಲ್ಲಿ ಸಾವಿರವನ್ನೂ ಒಂದೇ ದಿನದಲ್ಲಿ ಮುಗಿಸಬೇಕು. ೧೯೯೯ರಿಂದ ೨೦೦೧ರವರೆಗಿನ ಎರಡು ವರ್ಷಗಳಲ್ಲಿ ಅವನ ಅಂಕ ಸುಮಾರು ಏಳುನೂರರಷ್ಟು ಏರಿತು. ದೊಡ್ಡ ಪಂದ್ಯಾವಳಿಯೊಂದರ ತನ್ನ ವಿಭಾಗದಲ್ಲಿ ಬಹುಮಾನವೂ ಬಂದಿತು. ಲೋಕವೇ ಬೆರಗಾಯಿತು. ಆದರೆ ಆ ಬಳಿಕ ಅವನು ಪಂದ್ಯಗಳಿಂದಲೇ ದೂರ ಸರಿದನು. ಅವನ ಪುಸ್ತಕವನ್ನು ಹಿಡಿದು ಹೊರಟವರಲ್ಲಿ ಅನೇಕರು ಕೊನೆಯ ಸುತ್ತುಗಳಲ್ಲಿ ಬಳಲಿ ಕೈಚೆಲ್ಲಿದರು. ಶಾಲೆಗೆ ಹೋಗುವ ಮಗುವಿನ ಮೇಲೆ ಇಂಥ ಕ್ರಮವನ್ನು ಹೇರುವುದು ನಿರ್ದಯವೇ ಸರಿ.

ಎರಡನೆಯವನು ಸ್ವೀಡನ್ನಿನ ಹಾನ್ಸ್ ಟಿಕ್ಕನೆನ್. ೨೦೧೦ರ ಬೇಸಗೆಯಲ್ಲಿ ಏಳೇ ವಾರಗಳೊಳಗೆ ಗ್ರಾಂಡ್‌ಮಾಸ್ಟರ್ ಪದವಿಗೆ ಬೇಕಾದ ಮೂರು ಅರ್ಹತೆಗಳನ್ನೂ ಗಳಿಸಿದನು. ಅವನೂ ಒಂದೇ ಗುಚ್ಛದ ಸಮಸ್ಯೆಗಳನ್ನು ಮತ್ತೆ ಮತ್ತೆ, ಪ್ರತಿ ಬಾರಿಯೂ ಕಡಿಮೆ ಕಾಲದಲ್ಲಿ ಬಿಡಿಸಿದವನೇ. ಈ ಕ್ರಮವನ್ನು ಆಕ್ಸೆಲ್ ಸ್ಮಿತ್ ಎಂಬ ಮಿತ್ರನೊಡನೆ ೨೦೧೮ರಲ್ಲಿ ಪುಸ್ತಕವಾಗಿ ಬರೆದಾಗ, ಮರಕುಟುಕ ಹಕ್ಕಿಯ ಹೆಸರನ್ನೇ ಅದಕ್ಕೆ ಇಟ್ಟರು. ಒಂದೇ ಮರಕ್ಕೆ ಪುನಃ ಪುನಃ ಕುಟುಕುವ ಹಕ್ಕಿ! ಹೆಸರು ಸೊಗಸಾಗಿದೆ. ಆದರೆ ಇದರಲ್ಲಿ ಗಮನಿಸಬೇಕಾದುದು ಸುತ್ತು ಸುತ್ತುಗಳ ನಡುವೆ ಇಟ್ಟ ಬಿಡುವು. ಇಬ್ಬರ ಕ್ರಮಗಳಿಂದಲೂ ಸಾಮಾನ್ಯ ಮನೆಗೆ ಎತ್ತಿಕೊಳ್ಳಬಹುದಾದ ಅಂಶ ಒಂದೇ: ಹೊಸ ಸಮಸ್ಯೆಗಳ ರಾಶಿಗಿಂತ ಕೆಲವೇ ಸಮಸ್ಯೆಗಳ ಮರುದರ್ಶನ ಮೇಲು.

ಮಲೆನಾಡಿನವರಿಗೆ ಇದನ್ನು ತಿಳಿಸಲು ಸ್ವೀಡನ್ನಿಗೆ ಹೋಗಬೇಕಾಗಿಯೂ ಇಲ್ಲ. ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿಯುವವರನ್ನು ನೋಡಿ. ಕೈ ಯೋಚಿಸುವುದಿಲ್ಲ; ಕಾಯಿ ತಿರುಗುತ್ತಲೇ ಸಿಪ್ಪೆ ಬೇರೆ, ಅಡಿಕೆ ಬೇರೆ. ವರ್ಷಗಳ ಮರುಕಳಿಕೆಯಿಂದ ಬಂದ ಚಳಕ ಅದು. ಆದರೆ ರೆಪ್ಪೆ ಭಾರವಾಗುತ್ತಲೇ ಅನುಭವಿಗಳು ಕತ್ತಿಯ ಮುಂದಿನಿಂದ ಏಳುತ್ತಾರೆ. ಏಳದಿದ್ದರೆ ಬೆರಳು ಉಳಿಯದು. ಚದುರಂಗದಲ್ಲಿ ಬೆರಳು ಕೊಯ್ಯುವುದಿಲ್ಲ, ಅದಕ್ಕೇ ಹುಡುಗರು ಏಳುವುದಿಲ್ಲ. ಬಳಲಿದ ಕಣ್ಣು ನೋಡುವುದನ್ನು ಬಿಟ್ಟು ಊಹಿಸತೊಡಗುತ್ತದೆ. ಊಹೆಯಿಂದ ಇಟ್ಟ ನಡೆ ಒಮ್ಮೊಮ್ಮೆ ಸರಿಯೂ ಆಗುವುದರಿಂದ, ಊಹಿಸುವುದೇ ಅಭ್ಯಾಸವಾಗಿಬಿಡುತ್ತದೆ. ದಣಿವಿಗಿಂತಲೂ ದೊಡ್ಡ ಕೇಡು ಇದು.

ಆದುದರಿಂದ ಮಗುವಿಗೆ ದಿನಕ್ಕೆ ಅರ್ಧ ಗಂಟೆ ಸಾಕು. ಅದೂ ತಲೆ ಹಗುರವಾಗಿರುವ ಹೊತ್ತಿನಲ್ಲಿ, ಮಲಗುವ ಮುನ್ನವಲ್ಲ. ಎರಡು ಮೂರು ನೂರು ಸಮಸ್ಯೆಗಳಿರುವ ಒಂದೇ ಪುಸ್ತಕವನ್ನು ಆರಿಸಿಕೊಳ್ಳಬೇಕು. ಹತ್ತರಲ್ಲಿ ಏಳೆಂಟನ್ನು ಮಗು ತಾನಾಗಿ ಬಿಡಿಸುವಂತಿದ್ದರೆ ಪುಸ್ತಕ ತಕ್ಕದ್ದು. ಮೂರನ್ನೂ ಬಿಡಿಸಲಾರದಿದ್ದರೆ ಅದು ಇನ್ನೆರಡು ವರ್ಷ ಕಪಾಟಿನಲ್ಲಿರಲಿ. ಚಿತ್ರದಲ್ಲಿರುವುದನ್ನು ನಿಜವಾದ ಹಲಗೆಯ ಮೇಲೆ ಜೋಡಿಸಿಕೊಂಡು, ಕೈಯನ್ನು ಹಿಂದೆ ಕಟ್ಟಿ ನೋಡಬೇಕು. ಎದುರಾಳಿಯ ಉತ್ತರವನ್ನೂ ಸೇರಿಸಿ ಕೊನೆಯ ನಡೆಯವರೆಗೆ ಬಾಯಿಬಿಟ್ಟು ಹೇಳಿದ ಮೇಲೆಯೇ ಕಾಯಿ ಮುಟ್ಟುವುದು. ಐದು ನಿಮಿಷವಾದರೂ ಹೊಳೆಯದಿದ್ದರೆ ಉತ್ತರ ನೋಡುವುದರಲ್ಲಿ ಅವಮಾನವೇನೂ ಇಲ್ಲ. ತಪ್ಪಿದ ಸಮಸ್ಯೆಯನ್ನು ಒಂದು ಕೋರಾ ಪುಸ್ತಕದಲ್ಲಿ ಬರೆದಿಟ್ಟು ಮರುದಿನ, ವಾರದ ಬಳಿಕ, ತಿಂಗಳ ಬಳಿಕ ತೆರೆಯಬೇಕು. ಆ ಪುಸ್ತಕದಂತೆ ಮಗುವನ್ನು ಬಲ್ಲ ಗುರು ಮತ್ತೊಬ್ಬನಿಲ್ಲ. ಕುದುರೆ ಏಕಕಾಲದಲ್ಲಿ ಎರಡು ಕಾಯಿಗಳ ಮೇಲೆ ಎರಗುವುದು ಕೆಲವರಿಗೆ ಎಂದೂ ಕಾಣುವುದಿಲ್ಲ. ಕೆಲವರಿಗೆ ದೂರದ ಒಂಟೆಯ ಓರೆನೋಟ ಮರೆತುಹೋಗುತ್ತದೆ. ನಾಲ್ಕು ವಾರಗಳ ತಪ್ಪುಗಳನ್ನು ಒಟ್ಟಿಗೆ ನೋಡಿದರೆ ಇದು ತಾನೇ ತಿಳಿಯುತ್ತದೆ.

ವಾರದಲ್ಲಿ ಒಂದು ದಿನ ಸಮಸ್ಯೆಗಳೇ ಬೇಡ. ಅಣ್ಣತಮ್ಮಂದಿರೊಡನೆಯೋ ನೆರೆಮನೆಯವರೊಡನೆಯೋ ಒಂದು ನಿಧಾನವಾದ ಆಟವಾಗಲಿ. ಪರೀಕ್ಷೆಯ ತಿಂಗಳಲ್ಲಿ ಹಲಗೆಯನ್ನು ಮಡಿಸಿಟ್ಟರೂ ಕಲಿತದ್ದು ಕರಗಿಹೋಗುವುದಿಲ್ಲ. ೧೯೪೮ರಲ್ಲಿ ವಿಶ್ವವಿಜೇತನಾದ ರಷ್ಯದ ಬೊತ್ವಿನ್ನಿಕ್, ಕಠಿಣ ಸಾಧನೆಗೆ ಹೆಸರಾದವನು, ಪಂದ್ಯಾವಳಿಗೆ ಕೆಲವು ದಿನ ಮೊದಲೇ ಚದುರಂಗದ ಅಭ್ಯಾಸವನ್ನು ನಿಲ್ಲಿಸಬೇಕೆಂದು ಹೇಳುತ್ತಿದ್ದನು. ನಮ್ಮ ಯಕ್ಷಗಾನದ ಮೇಳಗಳೂ ಮಳೆಗೆ ಮುನ್ನ ಗೆಜ್ಜೆ ಬಿಚ್ಚಿ, ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಡುತ್ತವೆ. ಆ ತಿಂಗಳುಗಳಲ್ಲಿ ಭಾಗವತರು ತಾಳವನ್ನು ಮರೆತರೆಂದು ಯಾರೂ ದೂರಿಲ್ಲ.

ಫೋನನ್ನು ಪೂರ್ತಿ ತೊರೆಯಬೇಕೆಂದೇನಲ್ಲ. ಆದರೆ ಅದು ಉತ್ತರವನ್ನು ಕ್ಷಣದಲ್ಲಿ ಹೇಳಿಬಿಡುತ್ತದೆ, ಮಗುವಿಗೆ ತಾನು ಹುಡುಕುವ ಸುಖವೇ ಇಲ್ಲದಂತಾಗುತ್ತದೆ. ಗುಕೇಶನಿಗೆ ಗುರುವಾದ ವಿಷ್ಣು ಪ್ರಸನ್ನರು, ಶಿಷ್ಯ ಗ್ರಾಂಡ್‌ಮಾಸ್ಟರ್ ಆಗುವವರೆಗೂ ಚದುರಂಗದ ಗಣಕಯಂತ್ರವನ್ನು ಅವನ ಅಭ್ಯಾಸದಿಂದ ದೂರವಿರಿಸಿದ್ದರು. ತಾಯಿತಂದೆಗಳು ಸಂಜೆ 'ಇವತ್ತು ಎಷ್ಟು ಬಿಡಿಸಿದೆ?' ಎಂದು ಕೇಳುವ ಬದಲು 'ಇವತ್ತು ಯಾವುದು ಚೆಂದವಿತ್ತು, ತೋರಿಸು ನೋಡೋಣ' ಎಂದರೆ ಅರ್ಧ ಕೆಲಸವಾದಂತೆ. ಅವರಿಗೆ ಆಟ ಬಾರದಿದ್ದರೂ ಸರಿಯೆ. ಬಾರದವರಿಗೆ ವಿವರಿಸುವಾಗಲೇ ಮಗುವಿಗೆ ಚೆನ್ನಾಗಿ ಅರ್ಥವಾಗುವುದು.

ಸಮಸ್ಯೆಗಳು ಬೇಸರವಾದ ದಿನಕ್ಕೆ ಬೇರೊಂದು ವಿನೋದವಿದೆ. ಅದು ಕನ್ನಡನಾಡಿಗೆ ಹಳೆಯ ನಂಟು. ಬರಿಯ ಹಲಗೆಯ ಮೇಲೆ ಕುದುರೆಯೊಂದನ್ನೇ ಇಟ್ಟು, ಹೋದ ಮನೆಗೆ ಮತ್ತೆ ಹೋಗದಂತೆ ಅರವತ್ತನಾಲ್ಕು ಮನೆಗಳನ್ನೂ ಸುತ್ತಿಸಬೇಕು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು ೧೧೩೦ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಚದುರಂಗದೊಡನೆ ಈ ಕುದುರೆಯ ನಡಿಗೆಯ ವಿಚಾರವೂ ಬಂದಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಇದರಲ್ಲಿ ಮಗ್ನರಾಗಿ ಅನೇಕ ಚಮತ್ಕಾರದ ಬಂಧಗಳನ್ನು ರಚಿಸಿದರು. ಅದೇ ವಿಶ್ವಕೋಶಗಳ ಪರಂಪರೆಯಲ್ಲಿ, ಚದುರಂಗವನ್ನೂ ಮರೆಯದೆ, ೧೭೦೯ರಲ್ಲಿ ಶಿವತತ್ತ್ವರತ್ನಾಕರವನ್ನು ಮುಗಿಸಿದವನು ಕೆಳದಿಯ ಬಸವಪ್ಪನಾಯಕ. ಕೆಳದಿ ಇರುವುದು ಸಾಗರ ತಾಲ್ಲೂಕಿನಲ್ಲಿ. ಅವನು ಆಳಿದ ಬಿದನೂರು ಇಂದು ಹೊಸನಗರ ತಾಲ್ಲೂಕಿನ ನಗರವೆಂಬ ಊರು. ಆ ಅರಸರ ಕವಲೇದುರ್ಗ ತೀರ್ಥಹಳ್ಳಿ ತಾಲ್ಲೂಕಿನದು.

ಮಕ್ಕಳು ಮೊದಮೊದಲು ಐವತ್ತನ್ನು ದಾಟುವುದೇ ಕಷ್ಟ. ೧೮೨೩ರಲ್ಲಿ ಜರ್ಮನಿಯ ವಾರ್ನ್ಸ್‌ಡಾರ್ಫ್ ಹೇಳಿಕೊಟ್ಟ ಉಪಾಯವೊಂದಿದೆ: ಮುಂದೆ ಹೋಗಲು ಅತಿ ಕಡಿಮೆ ದಾರಿಗಳಿರುವ ಮನೆಗೇ ಕುದುರೆಯನ್ನು ಮೊದಲು ನಡೆಸು. ಅದನ್ನು ಮಗುವಿಗೆ ಕೂಡಲೇ ಹೇಳಿಬಿಡಬೇಕಾಗಿಲ್ಲ. ಹೋದ ಮನೆಗಳ ಮೇಲೆ ಒಂದೊಂದು ಹುಣಿಸೆಬೀಜವನ್ನು ಇಡುತ್ತ ಹೋಗಲಿ. ಮೂಲೆಯಿಂದ ಹೊರಟ ಕುದುರೆಗೆ ಮೊದಲ ಹೆಜ್ಜೆಗೆ ಎರಡೇ ದಾರಿ.