ಮರಳಿ ಬಂದ ಬೂಟು: ಚಾರಣ ಸಾಮಗ್ರಿ ಮಳಿಗೆಯಲ್ಲಿ ಗ್ರಾಹಕ ಸೇವೆಯ ಲೆಕ್ಕ

ನಮ್ಮ ಪೇಟೆಬೀದಿಗಳ ಅನೇಕ ಅಂಗಡಿಗಳಲ್ಲಿ ಎರಡು ಫಲಕಗಳು ಅಕ್ಕಪಕ್ಕದಲ್ಲೇ ಕಾಣಸಿಗುತ್ತವೆ. ಒಂದರಲ್ಲಿ "ಗ್ರಾಹಕರೇ ನಮ್ಮ ದೇವರು" ಎಂದಿದ್ದರೆ, ಇನ್ನೊಂದರಲ್ಲಿ "ಒಮ್ಮೆ ಮಾರಿದ ಮಾಲನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ" ಎಂದಿರುತ್ತದೆ. ಗ್ರಾಹಕನು ಹಣ ಕೊಡುವವರೆಗೆ ಮೊದಲನೆಯ ಫಲಕವೂ, ದೂರು ಹೊತ್ತು ಬಂದ ದಿನ ಎರಡನೆಯ ಫಲಕವೂ ಕೆಲಸ ಮಾಡುತ್ತವೆ. ಈ ಎರಡರ ನಡುವಿನ ಅಂತರ ಎಲ್ಲ ವ್ಯಾಪಾರಗಳಲ್ಲೂ ಇರುವುದಾದರೂ, ಚಾರಣ ಮತ್ತು ಹೊರಾಂಗಣ ಸಾಮಗ್ರಿಗಳ ವ್ಯಾಪಾರದಲ್ಲಿ ಅದು ವಿಶೇಷವಾಗಿ ಎದ್ದು ಕಾಣುತ್ತದೆ.

ವಾರಾಂತ್ಯದ ಚಾರಣ ಇಂದು ಕೆಲವೇ ಹವ್ಯಾಸಿಗಳ ಸೊತ್ತಾಗಿ ಉಳಿದಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜನಜಂಗುಳಿ ಮಿತಿಮೀರಿ, ಆನ್‌ಲೈನ್ ನೋಂದಣಿ ವ್ಯವಸ್ಥೆ ಇಲ್ಲದ ಕಡೆ ಚಾರಣವನ್ನೇ ತಾತ್ಕಾಲಿಕವಾಗಿ ತಡೆಹಿಡಿಯಬೇಕಾಗಿ ಬಂದುದು ಇದಕ್ಕೆ ಸಾಕ್ಷಿ. ಈ ಬೇಡಿಕೆಯನ್ನು ನಂಬಿ ಬೂಟು, ಬೆನ್ನುಚೀಲ, ಡೇರೆ, ಮಳೆ ಅಂಗಿಗಳನ್ನು ಮಾರುವ ಮಳಿಗೆಗಳೂ, ಅವುಗಳನ್ನು ಹೊಲಿದುಕೊಡುವ ಕಿರು ಘಟಕಗಳೂ ಹುಟ್ಟಿಕೊಂಡಿವೆ. ವ್ಯಾಪಾರ ಬೆಳೆದಂತೆ ದೂರುಗಳೂ ಬೆಳೆಯುವುದು ಸಹಜ. ದೂರು ಬಂದಾಗ ಗಲ್ಲಾದ ಬಳಿ ಏನು ನಡೆಯುತ್ತದೆ ಎಂಬುದೇ ಇಲ್ಲಿನ ವಿಚಾರ.

ಒಂದು ಉದಾಹರಣೆ

ವಿಷಯವನ್ನು ಸ್ಪಷ್ಟಪಡಿಸಲು ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಗ್ರಾಹಕನೊಬ್ಬ 5,900 ರೂಪಾಯಿ ಕೊಟ್ಟು ಚಾರಣದ ಬೂಟು ಕೊಳ್ಳುತ್ತಾನೆ. ಎರಡನೆಯ ಚಾರಣದಲ್ಲೇ ಬೆಟ್ಟದ ಇಳಿಜಾರಿನಲ್ಲಿ ಒಂದು ಬೂಟಿನ ಅಟ್ಟೆ ಕಳಚಿಕೊಳ್ಳುತ್ತದೆ. ಹಗ್ಗ ಬಿಗಿದುಕೊಂಡು ಹೇಗೋ ಕೆಳಗಿಳಿದು, ಮುಂದಿನ ವಾರ ಮಳಿಗೆಗೆ ಬರುತ್ತಾನೆ. ಮೊದಲ ಭೇಟಿಯಲ್ಲಿ "ಮಾಲೀಕರು ಇಲ್ಲ" ಎಂಬ ಉತ್ತರ. ಎರಡನೆಯ ಭೇಟಿಯಲ್ಲಿ "ನೀವು ಬಳಸಿದ್ದೀರಿ, ಹಿಂದಕ್ಕೆ ಬರುವುದಿಲ್ಲ" ಎಂಬ ಉತ್ತರ. ಮೂರನೆಯ ಭೇಟಿಯಲ್ಲಿ "ಕಂಪನಿಯವರನ್ನೇ ಕೇಳಿ" ಎಂದು ಒಂದು ದೂರವಾಣಿ ಸಂಖ್ಯೆ, ಅದನ್ನು ಎತ್ತುವವರಿಲ್ಲ. "ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ" ಎಂಬ ಗಾದೆ ಸಾಲದ ವ್ಯವಹಾರದಲ್ಲಿ ಬಳಕೆಯಾಗುವುದಾದರೂ, ಆ ಗ್ರಾಹಕನಿಗೆ ಆಗ ನೆನಪಾಗುವುದು ಅದೇ.

ಇದನ್ನು ಮಾರಾಟ ಸಿಬ್ಬಂದಿಯ ಒರಟುತನವೆಂದು ಹೇಳಿ ಮುಗಿಸುವುದು ಸುಲಭ. ಆದರೆ ಬಹುಪಾಲು ಸಂದರ್ಭಗಳಲ್ಲಿ ಮೂಲ ಬೇರೆಯೇ ಇರುತ್ತದೆ. ಮರಳಿ ಬಂದ ಮಾಲಿನ ನಷ್ಟವನ್ನು ಯಾರು ಹೊರಬೇಕೆಂಬುದನ್ನು ಮಾರಾಟಕ್ಕೆ ಮೊದಲು ಯಾರೂ ತೀರ್ಮಾನಿಸಿರುವುದಿಲ್ಲ. ತೀರ್ಮಾನಿಸುವ ಅಧಿಕಾರವಿಲ್ಲದ ನೌಕರನಿಗೆ ಗ್ರಾಹಕನನ್ನು ಸಾಗಹಾಕುವುದೊಂದೇ ದಾರಿ.

ದೋಷ ಎಲ್ಲಿ ಹುಟ್ಟುತ್ತದೆ?

ಹೊರಾಂಗಣ ಸಾಮಗ್ರಿಗಳ ದೋಷ ಅಂಗಡಿಯ ಬೆಳಕಿನಲ್ಲಿ ಕಾಣುವುದಿಲ್ಲ. ಮಳೆಯಲ್ಲಿ, ಕತ್ತಲಲ್ಲಿ, ಊರಿನಿಂದ ದೂರದಲ್ಲಿ ಕಾಣುತ್ತದೆ. ಆದುದರಿಂದ ಮೂರು ಅಂಶಗಳನ್ನು ವರ್ತಕರು ತಿಳಿದಿರಬೇಕು.

ಮೊದಲನೆಯದು ಹಳೆಯ ದಾಸ್ತಾನು. ಅನೇಕ ಚಾರಣ ಬೂಟುಗಳ ನಡುವಣ ಅಟ್ಟೆ ಪಾಲಿಯುರಿಥೇನ್‌ನಿಂದ ಮಾಡಿದ್ದಾಗಿರುತ್ತದೆ. ಗಾಳಿಯಲ್ಲಿನ ತೇವಾಂಶದೊಡನೆ ಈ ವಸ್ತು ನಿಧಾನವಾಗಿ ರಾಸಾಯನಿಕ ಕ್ರಿಯೆಗೆ ಒಳಗಾಗಿ, ಕೆಲವು ವರ್ಷಗಳ ಬಳಿಕ ಬಿರುಕುಬಿಟ್ಟು ಪುಡಿಯಾಗುತ್ತದೆ. ಬೂಟನ್ನು ಒಮ್ಮೆಯೂ ಧರಿಸದೆ ಪೆಟ್ಟಿಗೆಯಲ್ಲೇ ಇಟ್ಟಿದ್ದರೂ ಇದು ತಪ್ಪುವುದಿಲ್ಲ. ಹೊರಗಿನಿಂದ ಹೊಸದರಂತೆ ಕಾಣುವ ಬೂಟು ಮೊದಲ ನಡಿಗೆಯಲ್ಲೇ ಕಳಚುವುದು ಇದರಿಂದ. ಕರಾವಳಿ ಮತ್ತು ಮಲೆನಾಡಿನ ತೇವದ ಗೋದಾಮುಗಳಲ್ಲಿ ಈ ಅಪಾಯ ಹೆಚ್ಚು. "ನೀವು ಬಳಸಿದ್ದೀರಿ" ಎಂಬ ಉತ್ತರ ಇಂತಹ ಕಡೆ ಸಲ್ಲುವುದಿಲ್ಲ. ಕೆಲವು ಡೇರೆ ಮತ್ತು ಮಳೆ ಅಂಗಿಗಳ ಒಳಲೇಪನವೂ ಇದೇ ರೀತಿ ಅಂಟಂಟಾಗಿ ಕೆಡುತ್ತದೆ.

ಎರಡನೆಯದು ಮಾತಿನ ವ್ಯತ್ಯಾಸ. ತುಂತುರನ್ನು ತಡೆಯುವ ಬಟ್ಟೆ ಬೇರೆ, ಜಡಿಮಳೆಯಲ್ಲೂ ನೀರು ನುಗ್ಗದ ಬಟ್ಟೆ ಬೇರೆ. ಬಟ್ಟೆ ಎಷ್ಟು ಮಿಲಿಮೀಟರ್ ನೀರಿನ ಒತ್ತಡವನ್ನು ತಡೆದೀತೆಂಬ ಅಳತೆ ಚೀಟಿಯಲ್ಲಿದ್ದರೂ, ಹೊಲಿಗೆಯ ಮೇಲೆ ಟೇಪು ಹಾಕಿರದಿದ್ದರೆ ನೀರು ಒಳಬಂದೇ ಬರುತ್ತದೆ. ಇದನ್ನು ಹೇಳದೆ ಮಾರಿದಲ್ಲಿ ಬಟ್ಟೆ ಸರಿಯಿದ್ದರೂ ದೂರು ನಿಶ್ಚಿತ.

ಮೂರನೆಯದು ಅಂಕಿಗಳ ತಪ್ಪು ಓದು. ಸ್ಲೀಪಿಂಗ್ ಬ್ಯಾಗುಗಳಿಗೆ ಐಎಸ್‌ಒ 23537 ಮಾನಕದ ಪ್ರಕಾರ ಹಿತಕರ ಉಷ್ಣಾಂಶ, ಕನಿಷ್ಠ ಮಿತಿ, ಅತಿರೇಕದ ಮಿತಿ ಎಂಬ ಬೇರೆ ಬೇರೆ ಅಂಕಿಗಳಿವೆ. ಅತಿರೇಕದ ಮಿತಿಯೆಂದರೆ ಜೀವ ಉಳಿದೀತೆಂಬುದೇ ಹೊರತು ನಿದ್ರೆ ಬಂದೀತೆಂಬುದಲ್ಲ. ಮೂರರಲ್ಲಿ ಅತಿ ತಣ್ಣನೆಯ ಅಂಕಿಯನ್ನೇ ತೋರಿಸಿ ಮಾರುವ ನೌಕರನು ಹಿಮಾಲಯಕ್ಕೆ ಹೊರಟ ಗ್ರಾಹಕನ ಪ್ರಾಣದೊಡನೆ ಆಟವಾಡಿದಂತೆ.

ಕಾನೂನು ಏನು ಹೇಳುತ್ತದೆ?

1986ರ ಕಾಯ್ದೆಯ ಬದಲಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019, ದಿನಾಂಕ 20-7-2020ರಿಂದ ಜಾರಿಗೆ ಬಂದಿದೆ. ಅದರ ಕಲಂ 2(47)ರ ಪ್ರಕಾರ, ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ತಿಳಿಸಿದ ಅವಧಿಯೊಳಗೆ, ಅವಧಿಯನ್ನು ತಿಳಿಸಿರದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿಯಾಗುತ್ತದೆ. ಬಿಲ್ಲು ಕೊಡದಿರುವುದೂ ಅದೇ ವರ್ಗಕ್ಕೆ ಸೇರುತ್ತದೆ. ಗಮನಿಸಬೇಕಾದ ಅಂಶವೆಂದರೆ, ಈ ನಿಯಮ ದೋಷಯುಕ್ತ ಸರಕಿಗೆ ಮಾತ್ರ ಅನ್ವಯಿಸುತ್ತದೆ. ಬಣ್ಣ ಒಪ್ಪಲಿಲ್ಲವೆಂದು ಮರಳಿಸಲು ಬಂದವನಿಗೆ ಹಣ ಕೊಡಲೇಬೇಕೆಂದು ಅದು ಹೇಳುವುದಿಲ್ಲ. ಎಲ್ಲ ಮಾಲಿಗೂ ಒಂದೇ ಫಲಕ ಹಾಕುವ ವರ್ತಕನು ತನಗೆ ಕಾನೂನು ಕೊಟ್ಟಿರುವ ಈ ರಕ್ಷಣೆಯನ್ನೂ ಗೊಂದಲಕ್ಕೆ ಒಡ್ಡುತ್ತಾನೆ.

"ಕಂಪನಿಯವರನ್ನೇ ಕೇಳಿ" ಎಂಬ ಉತ್ತರವೂ ಎಲ್ಲ ಕಾಲಕ್ಕೂ ಸಲ್ಲದು. ಸರಕಿನ ದೋಷದಿಂದ ಗ್ರಾಹಕನಿಗೆ ಗಾಯ ಮುಂತಾದ ಹಾನಿಯಾದಲ್ಲಿ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯ ಅನ್ವಯವಾಗುತ್ತದೆ. ಕಲಂ 86ರ ಪ್ರಕಾರ, ತಯಾರಕನು ಯಾರೆಂದು ತಿಳಿಯದಿದ್ದರೆ, ಅವನಿಗೆ ನೋಟೀಸು ತಲುಪಿಸಲಾಗದಿದ್ದರೆ, ಅಥವಾ ಅವನು ಭಾರತದ ಕಾನೂನಿನ ವ್ಯಾಪ್ತಿಗೆ ಬಾರದಿದ್ದರೆ, ಮಾರಾಟಗಾರನೇ ಹೊಣೆಯಾಗಬಹುದು. ಆಮದುದಾರನ ಹೆಸರು ವಿಳಾಸವಿಲ್ಲದ ವಿದೇಶಿ ಮಾಲನ್ನು ಅಗ್ಗವೆಂದು ತಂದಿಟ್ಟವರು ಇದನ್ನು ಎರಡು ಬಾರಿ ಓದಬೇಕು. ಬೇರೆಯವರಿಂದ ಹೊಲಿಸಿ ತನ್ನ ಮುದ್ರೆ ಒತ್ತಿ ಮಾರುವವನು ಕಾನೂನಿನ ದೃಷ್ಟಿಯಲ್ಲಿ ತಯಾರಕನೇ.

ಗ್ರಾಹಕನು ತಾನು ವಾಸಿಸುವ ಅಥವಾ ಉದ್ಯೋಗ ಮಾಡುವ ಜಿಲ್ಲೆಯಲ್ಲೇ ದೂರು ದಾಖಲಿಸಬಹುದು. ಬೆಂಗಳೂರಿನಲ್ಲಿ ಮಾರಿದ ಬೂಟಿಗೆ ಕಲಬುರಗಿಯ ಜಿಲ್ಲಾ ಆಯೋಗದಲ್ಲಿ ಉತ್ತರ ಕೊಡಬೇಕಾದೀತು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ನೋಟೀಸು ತಲುಪಿದ ಮೇಲೆ ಉತ್ತರಕ್ಕೆ 30 ದಿನ, ಆಯೋಗ ಒಪ್ಪಿದರೆ ಮತ್ತೆ 15 ದಿನ; ಅದಕ್ಕಿಂತ ಹೆಚ್ಚಿನ ಕಾಲಾವಕಾಶ ಕೊಡುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲಿ ಹೇಳಿದೆ.

ಒಂದು ಜೊತೆ ಬೂಟಿನ ಲೆಕ್ಕ

ಮೇಲಿನ ಉದಾಹರಣೆಗೆ ಮರಳೋಣ. 5,900 ರೂಪಾಯಿಯಲ್ಲಿ ಬೆಲೆ 5,000, ಶೇ. 18ರ ತೆರಿಗೆ 900. ಮಳಿಗೆಯವನ ಖರೀದಿ ಬೆಲೆ 3,750, ಅದರ ಮೇಲಿನ ತೆರಿಗೆ 675 ಎಂದಿರಲಿ. ಅವನ ಲಾಭ 1,250 ರೂಪಾಯಿ.

ಹಣ ಮರಳಿಸಿ ಕ್ರೆಡಿಟ್ ನೋಟ್ ಕೊಟ್ಟರೆ, ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ ಕಲಂ 34ರ ಪ್ರಕಾರ 900 ರೂಪಾಯಿ ತೆರಿಗೆ ಹೊಂದಾಣಿಕೆಯಾಗುತ್ತದೆ. ವಿತರಕನು ಆ ಜೊತೆಯನ್ನು ಹಿಂದಕ್ಕೆ ಪಡೆದು 4,425 ರೂಪಾಯಿಯ ಕ್ರೆಡಿಟ್ ನೋಟ್ ಕೊಟ್ಟನೆಂದರೆ, ಮಳಿಗೆಯವನಿಗೆ ತಪ್ಪಿದ್ದು 1,250 ರೂಪಾಯಿ ಲಾಭ ಮಾತ್ರ. ಕೈಯಿಂದ ಹೋದದ್ದೇನೂ ಇಲ್ಲ. ವಿತರಕನು ನಿರಾಕರಿಸಿದರೆ ಚಿತ್ರ ಬೇರೆಯಾಗುತ್ತದೆ. ಬೂಟನ್ನು ಎಸೆಯಬೇಕು, ಎಸೆದ ಮಾಲಿನ ಮೇಲೆ ಪಡೆದ 675 ರೂಪಾಯಿಯ ಇನ್‌ಪುಟ್ ತೆರಿಗೆ ಜಮೆಯನ್ನು ಕಲಂ 17(5)ರ ಪ್ರಕಾರ ಹಿಂತಿರುಗಿಸಬೇಕು. ಒಟ್ಟು ನಷ್ಟ 4,425 ರೂಪಾಯಿ. ಅದನ್ನು ತುಂಬಿಕೊಳ್ಳಲು ಇನ್ನು ನಾಲ್ಕು ಜೊತೆ ಮಾರಬೇಕು.

ಗಲ್ಲಾದ ಬಳಿ ಕೇಳಿಬರುವ ಒರಟು ಮಾತಿನ ಹಿಂದಿರುವುದು ಈ 4,425 ರೂಪಾಯಿ. ಸಣ್ಣ ವರ್ತಕನ ಸಂಕಟ ಸುಳ್ಳಲ್ಲ. ಆದರೆ ಆ ಹೊರೆಯನ್ನು ಗ್ರಾಹಕನ ಮೇಲೆ ಹೊರಿಸುವುದು ಪರಿಹಾರವಲ್ಲ. ಆಯೋಗವು ಹಣದ ಮರುಪಾವತಿಯೊಡನೆ ಪರಿಹಾರ ಮತ್ತು ವ್ಯಾಜ್ಯದ ಖರ್ಚನ್ನೂ ವಿಧಿಸಬಹುದು. ವಕೀಲರ ಶುಲ್ಕ, ಓಡಾಟ, ಅಂಗಡಿ ಬಿಟ್ಟ ದಿನಗಳು ಅದಕ್ಕೆ ಸೇರುತ್ತವೆ. ಹೊರೆ ಸಲ್ಲಬೇಕಾದುದು ದೋಷ ಹುಟ್ಟಿದ ಕಡೆಗೆ. ಅದಕ್ಕೆ ಖರೀದಿಯ ಹೊತ್ತಿನಲ್ಲೇ ವಿತರಕನೊಡನೆ ಬರಹದ ಒಪ್ಪಂದ ಬೇಕು.

ಇನ್ನೊಂದು ಸೂಕ್ಷ್ಮವಿದೆ. ಕ್ರೆಡಿಟ್ ನೋಟಿನ ಮೂಲಕ ತೆರಿಗೆ ಹೊಂದಿಸಿಕೊಳ್ಳಲು ಮಾರಾಟದ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ವಿವರಪಟ್ಟಿ ಸಲ್ಲಿಸಿದ ದಿನ, ಇವುಗಳಲ್ಲಿ ಮೊದಲು ಬರುವುದೇ ಗಡುವು. ಮಾರ್ಚ್‌ನಲ್ಲಿ ಮಾರಿದ ಮಾಲಿಗೆ ಇದು ಸುಮಾರು 8 ತಿಂಗಳು ಮಾತ್ರ. ಒಂದು ವರ್ಷದ ವಾರಂಟಿ ಕೊಡುವವರು ಇದನ್ನು ಲೆಕ್ಕದಲ್ಲಿಟ್ಟುಕೊಳ್ಳಬೇಕು.

ತಯಾರಕರಿಗೂ ಅನುಕೂಲಗಳಿವೆ. ವಾರಂಟಿಯಲ್ಲಿ ಉಚಿತವಾಗಿ ಬದಲಿಸಿಕೊಟ್ಟ ಬಿಡಿಭಾಗ ಅಥವಾ ಸರಕಿಗೆ ಪ್ರತ್ಯೇಕ ತೆರಿಗೆ ಇಲ್ಲ, ಇನ್‌ಪುಟ್ ಜಮೆಯನ್ನು ಹಿಂತಿರುಗಿಸಬೇಕಿಲ್ಲವೆಂದು 2023 ಮತ್ತು 2024ರ ಸುತ್ತೋಲೆಗಳು ಸ್ಪಷ್ಟಪಡಿಸಿವೆ. ಹಿಂದಿನ ವರ್ಷಗಳ ಅನುಭವದ ಆಧಾರದ ಮೇಲೆ ವಾರಂಟಿ ವೆಚ್ಚಕ್ಕೆ ಪ್ರಾವಿಷನ್ ಮಾಡಿದರೆ ಅದು ಆದಾಯ ತೆರಿಗೆಯಲ್ಲಿ ಕಳೆಯಬಹುದಾದ ವೆಚ್ಚವೆಂದು ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ತೀರ್ಪಿತ್ತಿದೆ. ಆದರೆ ಅನುಭವವನ್ನು ತೋರಿಸಲು ದೂರುಗಳ ದಾಖಲೆ ಇರಬೇಕು. ದೂರನ್ನು ಬರೆದಿಡದ ತಯಾರಕನಿಗೆ ಈ ಸೌಲಭ್ಯವೂ ಸಿಗದು.

ಅನುಸರಿಸಬಹುದಾದ ಕ್ರಮಗಳು

1. ದೋಷಯುಕ್ತ ಮಾಲನ್ನು ಎಷ್ಟು ದಿನಗಳೊಳಗೆ ಹಿಂದಕ್ಕೆ ಪಡೆಯುವುದು, ಸಾಗಣೆ ವೆಚ್ಚ ಯಾರದ್ದು ಎಂಬುದನ್ನು ವಿತರಕನಿಂದ ಬರಹದಲ್ಲಿ ಪಡೆಯಬೇಕು.

2. ಮರಳಿಸುವ ಅವಧಿ ಮತ್ತು ಷರತ್ತುಗಳನ್ನು ಬಿಲ್ಲಿನಲ್ಲಿ ಕನ್ನಡದಲ್ಲೂ ಮುದ್ರಿಸಬೇಕು. ದೋಷ ಮತ್ತು ಇಷ್ಟಾನಿಷ್ಟಗಳ ವ್ಯತ್ಯಾಸವನ್ನು ಅಲ್ಲೇ ತಿಳಿಸಬೇಕು.

3. ನಿರ್ದಿಷ್ಟ ಮೊತ್ತದವರೆಗೆ ಬದಲಿ ಕೊಡುವ ಅಧಿಕಾರವನ್ನು ಗಲ್ಲಾದಲ್ಲಿರುವ ಹಿರಿಯ ನೌಕರನಿಗೆ ಕೊಡಬೇಕು.

4. ಬೂಟುಗಳ ತಯಾರಿಕೆಯ ತಿಂಗಳು-ವರ್ಷವನ್ನು ದಾಸ್ತಾನು ಪುಸ್ತಕದಲ್ಲಿ ಬರೆದು, ಮೊದಲು ಬಂದುದನ್ನು ಮೊದಲು ಮಾರಬೇಕು.

5. ಜಿಪ್ಪು, ಬಕಲ್, ಡೇರೆಯ ಕೋಲುಗಳಂತಹ ಬಿಡಿಭಾಗಗಳನ್ನು ಇಟ್ಟುಕೊಂಡು ದುರಸ್ತಿಯ ಏರ್ಪಾಡು ಮಾಡಬೇಕು. ಅನೇಕ ದೂರುಗಳು ಒಂದು ಬಕಲಿನಲ್ಲೇ ಮುಗಿಯುತ್ತವೆ.

6. ದೂರು ಪುಸ್ತಕವಿಟ್ಟು ದಿನಾಂಕ, ಮಾಲು, ದೋಷ, ಕೊಟ್ಟ ಉತ್ತರಗಳನ್ನು ದಾಖಲಿಸಬೇಕು. ವಿತರಕನೆದುರಿಗೂ ಆಯೋಗದೆದುರಿಗೂ ಇದೇ ಆಧಾರ.

ಒಂದು ಹಳೆಯ ಪಾಠ

ಈ ವ್ಯಾಪಾರದಲ್ಲಿ ಮರಳಿ ಬಂದ ಬೂಟಿನ ಪ್ರಶ್ನೆ ಹೊಸತಲ್ಲ. ಅಮೆರಿಕದ ಮೇನ್ ರಾಜ್ಯದಲ್ಲಿ 1912ರಲ್ಲಿ ಲಿಯಾನ್ ಲಿಯಾನ್‌ವುಡ್ ಬೀನ್ ಎಂಬಾತ ರಬ್ಬರ್ ತಳಕ್ಕೆ ಚರ್ಮದ ಮೇಲ್ಭಾಗ ಹೊಲಿದ ಬೇಟೆಗಾರರ ಬೂಟನ್ನು ಮಾರಲಾರಂಭಿಸಿದನು. ಮೊದಲ 100 ಜೊತೆಗಳಲ್ಲಿ 90 ಹೊಲಿಗೆ ಬಿಟ್ಟು ಮರಳಿ ಬಂದವು. ಆತ ಎಲ್ಲರಿಗೂ ಹಣ ಮರಳಿಸಿ, ಸಾಲ ಮಾಡಿ, ದೋಷ ತಿದ್ದಿ ಮತ್ತೆ ಮಾರಿದನು. ಎಲ್.ಎಲ್. ಬೀನ್ ಸಂಸ್ಥೆ ಬೆಳೆದದ್ದು ಆ ನಂಬಿಕೆಯ ಮೇಲೆ. ಅದೇ ಸಂಸ್ಥೆ, ಹಳೆಯ ಮಾಲನ್ನು ಎಲ್ಲಿಂದಲೋ ತಂದು ಹಣ ಕೇಳುವವರ ಕಾಟ ಹೆಚ್ಚಿದುದರಿಂದ, ತನ್ನ ಅವಧಿಯಿಲ್ಲದ ಖಾತರಿಯನ್ನು 2018ರ ಫೆಬ್ರವರಿಯಲ್ಲಿ ಕೈಬಿಟ್ಟು, ಖರೀದಿಯ ದಾಖಲೆಯೊಡನೆ ಒಂದು ವರ್ಷಕ್ಕೆ ಮಿತಿಗೊಳಿಸಿತು.

ಎರಡೂ ಘಟನೆಗಳಿಂದ ಕಲಿಯುವುದಿದೆ. ನಿಜವಾದ ದೋಷಕ್ಕೆ ತಡಮಾಡದೆ ಹಣ ಕೊಡಬೇಕು. ದುರುಪಯೋಗಕ್ಕೆ ಮೊದಲೇ ಬರೆದಿಟ್ಟ ಮಿತಿ ಇರಬೇಕು. ಆ ಮಿತಿಯನ್ನು ಗ್ರಾಹಕನು ಹಣ ಕೊಡುವ ಮುನ್ನವೇ ಓದುವಂತಿದ್ದರೆ, ಗೋಡೆಯ ಮೇಲಿನ ಎರಡನೆಯ ಫಲಕವನ್ನು ಇಳಿಸಿಬಿಡಬಹುದು.