ಕುಡತಿನಿಯ ಎರಡು ಬೂದಿಗಳು

ಕುರುಗೋಡಿನ ಶಾಲಾ ಹುಡುಗನೊಬ್ಬ ಕೇಳಿದ ಪ್ರಶ್ನೆ ಇದು: “ಸರ್, ಕುಡತಿನಿ ಹತ್ರ ಬೂದಿದಿಬ್ಬ ಐತಲ್ಲ, ಅದು ಜ್ವಾಲಾಮುಖಿಯಿಂದ ಬಂದಿದ್ದಾ? ನಮ್ಮಜ್ಜ ರಾಕ್ಷಸನ್ನ ಸುಟ್ಟ ಬೂದಿ ಅಂತಾರ.”

ಅಜ್ಜನ ಮಾತು ಹೊಸದಲ್ಲ. ಭೀಮ ಕೊಂದ ಹಿಡಿಂಬಾಸುರನ ಚಿತೆ ಅದು ಎಂಬ ಕಥೆ ಆ ಸೀಮೆಯಲ್ಲಿ ಬಹಳ ಹಿಂದಿನಿಂದ ಇದೆ. ಹಂಪಿ ಬಳಿಯ ನಿಂಬಾಪುರದ ದಿಬ್ಬ ವಾಲಿಯ ಚಿತೆಯಂತೆ. ಓದಿದವರೂ ಕಡಿಮೆ ಊಹಿಸಲಿಲ್ಲ. ಅಗ್ನಿಪರ್ವತ ಎಂದರು, ಕಬ್ಬಿಣ ಕರಗಿಸಿದ ಜಾಗ ಎಂದರು. ವಿಜಯನಗರದ ಇತಿಹಾಸ ಬರೆದ ರಾಬರ್ಟ್ ಸೀವೆಲ್ ಕೂಡ 1899ರಲ್ಲಿ ಬಳ್ಳಾರಿಯ ಈ ದಿಬ್ಬಗಳ ಬಗ್ಗೆಯೇ ಪ್ರಬಂಧ ಬರೆದರು. ವಾದ ಮಾತಿನಲ್ಲಿ ಬಗೆಹರಿಯಲಿಲ್ಲ. ಬಗೆಹರಿದದ್ದು ಒಂದು ಚಿಟಿಕೆ ಬೂದಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗ.

ಕುಡತಿನಿಯಲ್ಲಿ ಈಗ ಇನ್ನೊಂದು ಬೂದಿಯೂ ಇದೆ, ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ. ಎರಡನ್ನೂ ಅಂಗೈಯಲ್ಲಿ ಹಾಕಿಕೊಂಡರೆ ಬಣ್ಣ ಹೆಚ್ಚು ಕಡಿಮೆ ಒಂದೇ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಹಾರುಬೂದಿಯ ತುಂಬ ಗುಂಡನೆಯ ಗಾಜಿನ ಗೋಲಿಗಳು. ಕಲ್ಲಿದ್ದಲಿನೊಳಗಿನ ಮಣ್ಣಿನಂಶ ಕುಲುಮೆಯ ಶಾಖಕ್ಕೆ ಕರಗಿ, ಗಾಳಿಯಲ್ಲಿ ಹನಿಯಾಗಿ ತೇಲಿ, ಹಾಗೆಯೇ ಗಟ್ಟಿಯಾಗಿದೆ. ತೇಲುವ ಪುಟ್ಟ ಹನಿ ಗುಂಡಗೇ ಇರುತ್ತದೆ. ಕಣದ ಆಕಾರವೇ ಅದರ ಹುಟ್ಟಿನ ಕಥೆ.

ಬೂದಿದಿಬ್ಬದ ಕಥೆ ಬೇರೆ. ಹುಲ್ಲು ನೆಲದಿಂದ ನೀರಿನ ಜೊತೆ ಸಿಲಿಕಾವನ್ನೂ ಹೀರುತ್ತದೆ. ಅದು ಎಲೆಯ ಜೀವಕೋಶಗಳಲ್ಲಿ ತುಂಬಿ, ಆ ಕೋಶದ ಅಚ್ಚಾಗಿ ಗಟ್ಟಿಯಾಗುತ್ತದೆ. ಈ ಅಚ್ಚುಗಳಿಗೆ ಫೈಟೋಲಿತ್, ಅಂದರೆ ಸಸ್ಯಶಿಲೆ ಎಂದು ಹೆಸರು. ಹುಲ್ಲು ಸುಟ್ಟರೂ ಕೊಳೆತರೂ ಇವು ಸುಲಭಕ್ಕೆ ಅಳಿಯುವುದಿಲ್ಲ. ಕೆಲವು ಹುಲ್ಲುಗಳವು ಥೇಟ್ ಡಮರುವಿನ ಆಕಾರ. ಸಿರುಗುಪ್ಪದ ಅಕ್ಕಿ ಗಿರಣಿಯ ಉಮಿಯನ್ನು ಸುಟ್ಟು ನಾನೇ ಒಮ್ಮೆ ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಉಮಿ ಉರಿದು ಹೋಗಿದ್ದರೂ ಅದರ ಮೈಮೇಲಿನ ಜೋಡಿ ಕೋಡುಗಳು ಸಾಲುಸಾಲಾಗಿ ನಿಂತಿದ್ದವು, ಗಾಜಿನಲ್ಲಿ ಎರಕ ಹೊಯ್ದ ಹಾಗೆ. ಆ ಸಂಜೆಯಿಡೀ ಕಣ್ಣು ಕೀಳಲಾಗಲಿಲ್ಲ.

1960ರ ಹೊತ್ತಿಗೆ ವಿಜ್ಞಾನಿ ಎಫ್. ಇ. ಝೋಯ್ನರ್ ಬಳ್ಳಾರಿ ಸೀಮೆಯ ದಿಬ್ಬಗಳ ಬೂದಿಯನ್ನು ಪರೀಕ್ಷಿಸಿದಾಗ ಸಿಕ್ಕಿದ್ದೂ ಹುಲ್ಲಿನ ಇಂಥ ಸಿಲಿಕಾವೇ. ಅಷ್ಟೊಂದು ಹುಲ್ಲನ್ನು ಒಂದೇ ಕಡೆ ತಂದು ಸುರಿದವರು ಯಾರು? ದನಗಳು. ಇದು ಸುಟ್ಟ ಸಗಣಿ ಎಂದರು ಝೋಯ್ನರ್. ಈಗ ತೆಲಂಗಾಣದಲ್ಲಿರುವ ಉಟ್ನೂರಿನ ದಿಬ್ಬವನ್ನು 1957ರಲ್ಲಿ ಅಗೆದ ರೇಮಂಡ್ ಆಲ್ಚಿನ್ ಅವರಿಗೆ ಬೂದಿಯ ಪದರದಲ್ಲಿ ದನದ ಗೊರಸಿನ ಗುರುತುಗಳೇ ಸಿಕ್ಕಿದ್ದವು. ಅಲ್ಲಿದ್ದದ್ದು ದನದ ದೊಡ್ಡಿ, ನಾಲ್ಕು ಸಾವಿರ ವರ್ಷಕ್ಕೂ ಹಿಂದಿನದು. ಸಿರುಗುಪ್ಪ ತಾಲೂಕಿನ ತೆಕ್ಕಲಕೋಟೆಯ ಗುಡ್ಡಗಳಲ್ಲಿ, ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಕಲ್ಲಿನ ಕೊಡಲಿ ಮಸೆದು ಬಾಳಿದ ನವಶಿಲಾಯುಗದವರ ಕಾಲ ಅದು.

ದಿಬ್ಬಗಳಲ್ಲಿ ಸಿಗುವ ಕಿಟ್ಟದಂಥ ಗಟ್ಟಿಗಳ ಗುಟ್ಟೂ ಈ ಸಗಣಿಯಿಂದಲೇ ಬಿಚ್ಚಿಕೊಂಡಿತು. ಬರೀ ಸಿಲಿಕಾ ಕರಗಬೇಕಾದರೆ 1,700 ಡಿಗ್ರಿ ಸೆಲ್ಸಿಯಸ್ಸಿನಷ್ಟು ಶಾಖ ಬೇಕು. ಸಗಣಿಯ ಬೂದಿಯಲ್ಲಿ ಪೊಟ್ಯಾಶಿನಂಥ ಕ್ಷಾರಗಳೂ ಇರುವುದರಿಂದ ಅದಕ್ಕಿಂತ ಬಹಳ ಕಡಿಮೆ ಶಾಖಕ್ಕೇ ಅದು ಕರಗಿ ಗಾಜಾಗುತ್ತದೆ. ಕಬ್ಬಿಣದ ಕುಲುಮೆ ಬೇಕಿಲ್ಲ, ದೊಡ್ಡ ಸಗಣಿ ರಾಶಿಗೆ ಬಿದ್ದ ಬೆಂಕಿ ಸಾಕು.

ನನಗೆ ಎಲ್ಲಕ್ಕಿಂತ ಅಚ್ಚರಿಯೆನಿಸುವುದು ಇನ್ನೂ ಚಿಕ್ಕ ಸಾಕ್ಷಿ. ಆಕಳು, ಕುರಿ, ಮೇಕೆ ಮೇವನ್ನು ಅರಗಿಸುವಾಗ ಅವುಗಳ ಕರುಳಿನಲ್ಲಿ ಸುಣ್ಣದ ಪುಟ್ಟ ಗುಂಡುಗಳು ಕಟ್ಟಿಕೊಂಡು ಸಗಣಿ, ಹಿಕ್ಕೆಯ ಜೊತೆ ಹೊರಬರುತ್ತವೆ. ಇವಕ್ಕೆ ಸ್ಫೆರುಲೈಟ್ ಎನ್ನುತ್ತಾರೆ. ಸಾಮಾನ್ಯವಾಗಿ 5ರಿಂದ 20 ಮೈಕ್ರಾನ್ ಗಾತ್ರ. ನೂರನ್ನು ಸಾಲಾಗಿ ಜೋಡಿಸಿದರೂ ಎರಡು ಮಿಲಿಮೀಟರ್ ದಾಟುವುದಿಲ್ಲ. ಮಾಮೂಲಿ ಬೆಳಕಿನಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ. ಧ್ರುವೀಕರಿಸುವ ಎರಡು ಹಾಳೆಗಳನ್ನು ಅಡ್ಡಡ್ಡಲಾಗಿಟ್ಟು ನಡುವೆ ನೋಡಿದರೆ ಕತ್ತಲಲ್ಲಿ ಒಂದೊಂದೂ ಹೊಳೆಯುತ್ತದೆ, ಪ್ರತಿ ಗುಂಡಿನ ಮೇಲೂ ಕೂಡಿಸುವ ಚಿಹ್ನೆಯಂಥ ಕಪ್ಪು ಗುರುತು. ಗಾಜಿನಪಟ್ಟಿಯನ್ನು ಸುತ್ತ ತಿರುಗಿಸಿ, ಗುರುತು ಇದ್ದಲ್ಲೇ ಇರುತ್ತದೆ! ಗುಂಡಿನೊಳಗೆ ಸುಣ್ಣದ ಎಳೆಗಳು ನಡುವಿನಿಂದ ಎಲ್ಲ ದಿಕ್ಕಿಗೂ ಚಾಚಿರುವುದೇ ಕಾರಣ. ಇವು ಬೆಂಕಿಯ ಅಳತೆಗೋಲೂ ಹೌದು. ಗಾಳಿಯಾಡದೆ ಒಳಗೊಳಗೇ 500ರಿಂದ 700 ಡಿಗ್ರಿಯಲ್ಲಿ ಬೆಂದರೆ ಕಪ್ಪಾಗುತ್ತವೆ, ಅದನ್ನು ಮೀರಿದರೆ ಉಳಿಯುವುದಿಲ್ಲ.

ಹಾಗಂತ ಒಂದು ಪೊಟ್ಟಣ ಬೂದಿ ತಂದರೆ ಎಲ್ಲ ತಿಳಿಯುತ್ತದೆ ಎಂದುಕೊಳ್ಳಬೇಡಿ. ಕಣಗಳು ಯಾವುವು ಎಂಬುದು ಅರ್ಧ ಕಥೆ. ಅವು ಹೇಗೆ ಮಲಗಿವೆ ಎಂಬುದು ಇನ್ನರ್ಧ. ದನ ತುಳಿದ ಸಗಣಿಯಲ್ಲಿ ಹುಲ್ಲಿನ ಚೂರುಗಳು ಚಪ್ಪಟೆಯಾಗಿ, ಪದರಪದರವಾಗಿ ಒತ್ತಿಕೊಂಡಿರುತ್ತವೆ. ಬಾಚಿ ಸುರಿದ ಬೂದಿಯಲ್ಲಿ ಎಲ್ಲ ಕಲಸುಮೇಲೋಗರ. ನಿಂತ ನೀರಿನಲ್ಲಿ ತಂಗಿದ್ದಾದರೆ ದಪ್ಪ ಕಣ ಕೆಳಗೆ, ನುಣುಪು ಮೇಲೆ. ಅದಕ್ಕಾಗಿ ಸಂಶೋಧಕರು ಸಡಿಲ ಮಣ್ಣನ್ನು ಕದಡದೆ ಡಬ್ಬಿಯಂತೆ ಕೊರೆದು ತೆಗೆದು, ರಾಳ ಹೊಯ್ದು ಕಲ್ಲಾಗಿಸುತ್ತಾರೆ. ಆಮೇಲೆ ಬಿಲ್ಲೆಯಾಗಿ ಕೊಯ್ದು 0.03 ಮಿಲಿಮೀಟರ್ ದಪ್ಪಕ್ಕೆ, ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜುತ್ತಾರೆ. ಕುಬಿಯೆನಾ ಎಂಬ ಮಣ್ಣಿನ ವಿಜ್ಞಾನಿ ಈ ವಿದ್ಯೆಯ ಬಗ್ಗೆ 1938ರಲ್ಲೇ ಪುಸ್ತಕ ಬರೆದರು.

ಈಗ ಅಜ್ಜನ ಮಾತಿಗೆ ಬರೋಣ. ಕಥೆ ಹೇಳಲಿ, ಸಂತೋಷ. ಕಥೆಯನ್ನೇ ಪುರಾವೆ ಮಾಡಿಕೊಂಡು ಪ್ರಶ್ನೆ ಕೇಳುವ ಹುಡುಗರ ಬಾಯಿ ಮುಚ್ಚಿಸುವುದು ಮಾತ್ರ ತಪ್ಪು. ಅಜ್ಜನಿಗೆ ಗೊತ್ತಿರುವುದೇ ಬೇರೆ ಇದೆ: ಕುಳ್ಳು ತಟ್ಟಿ ಒಲೆಗಿಟ್ಟವರ ಮನೆಯವರು ಅವರು. ಬೆಂದ ಕುಳ್ಳು ಮೊದಲು ಕಪ್ಪಾಗಿ ಆಮೇಲೆ ಬೆಳ್ಳಗಾಗುವುದನ್ನು ದಿನಾ ನೋಡಿದವರು. ದೊಡ್ಡಬಸವೇಶ್ವರನ ಗುಡಿಗೆ ಹೋಗುವಾಗ ಅವರು ಹಣೆಗೆ ಹಚ್ಚುವ ವಿಭೂತಿಯನ್ನು ಮಾಡುವ ಹಳೆಯ ರೀತಿ ಆಕಳ ಸಗಣಿ ಸುಡುವುದೇ. ದಿಬ್ಬದ ಗುಟ್ಟು ರಾಕ್ಷಸನ ಹತ್ತಿರವಿಲ್ಲ, ಅಜ್ಜನ ಅಡುಗೆಮನೆಯಲ್ಲೇ ಇದೆ.

ಆದ್ದರಿಂದ ಮಗೂ, ಅಜ್ಜನನ್ನು ಕರೆದುಕೊಂಡೇ ಕುಡತಿನಿಗೆ ಹೋಗು. ದಿಬ್ಬದಿಂದ ಮುಷ್ಟಿ ಬೂದಿಯನ್ನೂ ತೆಗೆಯಬೇಡ, ಹೊಲಕ್ಕೋ ರಸ್ತೆಗೋ ಅಂತ ಅಗೆಯುವವರು ಕಂಡರೆ ಬೇಡವೆನ್ನಲು ಊರ ಹಿರಿಯರಿಗೆ ಹೇಳು. ಅಗೆದು ರಾಶಿ ಹಾಕಿದ ಮೇಲೂ ಡಮರುಗಳು ಸಿಗುತ್ತವೆ, ಆದರೆ ದನ ಯಾವಾಗ ತುಳಿಯಿತು, ಜನ ಯಾವಾಗ ಬೆಂಕಿಯಿಟ್ಟರು, ಮತ್ತೆ ದೊಡ್ಡಿ ಯಾವಾಗ ತುಂಬಿತು ಎಂಬ ಸರದಿ ಸಿಗುವುದಿಲ್ಲ. ಮಳೆಗೆ ಕುಸಿದ ಅಂಚೇನಾದರೂ ಇದ್ದರೆ ದೂರ ನಿಂತು ನೋಡು: ಬೂದು, ಬಿಳಿ, ಕಪ್ಪು ಗೆರೆಗಳು ಒಂದರ ಮೇಲೊಂದು. ಎಷ್ಟಿವೆ ಎಂದು ಎಣಿಸಿ ನನಗೆ ಬರೆ.